ಮೆಹರ್ ಬಾಕಿ

ಶಿಡ್ಲಘಟ್ಟದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ
ಯಂತ್ರ ನನ್ನ ಹೆಬ್ಬೆಟ್ಟು ಒಪ್ಪಲಿಲ್ಲ.
ಇಪ್ಪತ್ತೆರಡು ವರ್ಷ ಕುದಿನೀರಲ್ಲಿ ಗೂಡು ತಡಕಿ
ಗೆರೆಗಳು ಸವೆದುಹೋಗಿವೆ.
'ಸೆರಗಿಗೆ ಒರೆಸಮ್ಮ, ಇನ್ನೊಂದ್ಸಲ ಇಡು'
ಎಂದ ಹುಡುಗ.
ನಾಲ್ಕನೇ ಸಲಕ್ಕೆ ಹಸಿರು ದೀಪ ಹತ್ತಿತು.
ಮನೆ ನನ್ನದಾಯಿತು.

ಮನೆ ಅಂದರೆ ಮುಂದೆ ಎರಡು ಕೋಣೆ, ಹಿಂದೆ ಶೀಟಿನ ಶೆಡ್ಡು,
ಹತ್ತು ಬೇಸಿನ್ನು, ಒಂದು ಬಾಯ್ಲರು,
ಎಷ್ಟು ಲೋಬಾನ ಹಾಕಿದರೂ ಬಿಡದ ಹುಳದ ವಾಸನೆ.
ಪತ್ರದಲ್ಲಿ ವಾಸನೆ ಬರೆದಿಲ್ಲ.
ಚಕ್ಕುಬಂದಿ ಬರೆದಿದೆ: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಮೋರಿ.
ಬರಹಗಾರ ರೂಢಿಯಂತೆ 'ಧರ್ಮಪತ್ನಿ' ಎಂದು ಗೀಚಿ
ನನ್ನ ಬುರ್ಖಾ ನೋಡಿ
ಮೊದಲರ್ಧ ಹೊಡೆದುಹಾಕಿದ.

ಉಪಾಯ ವಕೀಲ ಅಶ್ವತ್ಥರೆಡ್ಡಿಯದು.
'ಸುಮ್ಮನೆ ಹೆಂಡತಿಗೆ ದಾನ ಬರೆದರೆ
ಕೋರ್ಟು ಒದ್ದುಹಾಕುತ್ತೆ ಜಬೀವುಲ್ಲಾ.
ನಿಮ್ಮಲ್ಲಿ ಮೆಹರ್ ಅಂತ ಇರುತ್ತಲ್ಲ, ಕೊಟ್ಟಿದ್ದೀರಾ?
ಕೊಟ್ಟಿಲ್ಲವಾ? ಬಿಡಿ, ಬದುಕಿದಿರಿ!
ನೀವು ಮೊದಲು ಈಯಮ್ಮನಿಗೆ ಸಾಲಗಾರರು,
ಬಚ್ಚಪ್ಪ ಆಮೇಲೆ.'
ನಿಕಾಹ್‌ನಾಮೆಯಲ್ಲಿ ಐವತ್ತೊಂದು ಸಾವಿರ, ಹದಿನೈದು ತೊಲ ಬಂಗಾರ.
ಅವತ್ತು ಪಂದಲಿನಲ್ಲಿ ಎಲ್ಲರೂ ನಕ್ಕಿದ್ದರು, ಕೊಡುವವರು ಯಾರು ಎಂದು.
ಇವತ್ತಿನ ರೇಟಿಗೆ
ಸರಿಯಾಗಿ ಒಂದು ಮನೆ.

ಬಚ್ಚಪ್ಪ ಮಾರುಕಟ್ಟೆಗೂ ಹಾಕದೆ
ಮೂರು ಬೆಳೆ ಗೂಡು ನಮ್ಮ ಬಾಗಿಲಿಗೆ ತಂದಿಳಿಸಿದವನು.
ನೂಲಿನ ರೇಟು ಬಿತ್ತು, ಬಾಯ್ಲರು ಒಡೆಯಿತು,
ನಾಲ್ಕು ಲಕ್ಷದ ಅರವತ್ತು ಸಾವಿರ ನಿಂತಿತು.
ಅವನ ಬಳಿ ಇರುವುದು ಕ್ಯಾಲೆಂಡರ್ ಹಾಳೆಯ ಹಿಂದೆ
ನನ್ನವರು ಬರೆದುಕೊಟ್ಟ ನಾಲ್ಕು ಸಾಲು.
ವರ್ಷವೂ ಚಳಿ ಬಿದ್ದೊಡನೆ ಒಂದು ಚೀಲ ಸೊಗಡು ಅವರೆಕಾಯಿ
'ಅಕ್ಕಾ, ಮಕ್ಕಳಿಗೆ' ಎಂದು ಹೊಸ್ತಿಲ ಮೇಲಿಡುತ್ತಿದ್ದ.
ಈ ಸಲ ಚಳಿ ಮಾತ್ರ ಬಂತು.

ಪತ್ರದಲ್ಲಿ ಬರೆಯದ ಇನ್ನೊಂದಿದೆ.
ಮದುವೆಯ ರಾತ್ರಿ,
ಬಾಗಿಲಾಚೆ ನಾದಿನಿಯರ ಗುಸುಗುಸು,
ಇಪ್ಪತ್ಮೂರರ ಹುಡುಗ ನನ್ನ ದುಪಟ್ಟಾದ ಅಂಚು ಹಿಡಿದು
ಯಾರೋ ಹೇಳಿಕೊಟ್ಟ ಪಾಠ ಒಪ್ಪಿಸಿದ:
'ಮೆಹರ್ ಮಾಫ್ ಮಾಡಿಬಿಡು.'
ತಲೆ ಎತ್ತಲಿ, ಮುಖ ಕಾಣಲಿ ಎಂದು
ಮಾಡಿದೆ ಅಂದೆ.
ಸಾಲ ತೀರಿಸಿದವನ ಹಾಗೆ
ತಟ್ಟನೆ ನಿದ್ದೆ ಹೋದ.

ಈಗ ಕೋರ್ಟು. ಕಟಕಟೆಯ ಮರ ನುಣುಪು,
ಎಷ್ಟು ಕೈ ಹಿಡಿದಿದ್ದವೋ.
ಬಚ್ಚಪ್ಪನ ವಕೀಲ ಚಿಕ್ಕ ಹುಡುಗಿ, ಯಾರದೋ ಮನೆಮಗಳು,
ಗದರಲಿಲ್ಲ. ಗೂಡಿನ ಮೇಲೆ ಬ್ರಷ್ಷು ಆಡಿಸುವಂತೆ
ಅಲ್ಲಿ ಇಲ್ಲಿ ಸವರಿದಳು, ತುದಿ ಸಿಗುವವರೆಗೆ.
ನನಗೆ ಗೊತ್ತು, ತುದಿ ಸಿಕ್ಕರೆ
ಇಡೀ ಗೂಡು ಒಂದೇ ಎಳೆ.
'ಯಾವತ್ತಾದರೂ, ಯಾರ ಮುಂದಾದರೂ,
ಮೆಹರ್ ಬಿಟ್ಟುಕೊಟ್ಟಿದ್ದಿರಾ ಫಹಮೀದಾ?'

ನನ್ನವರು ಫ್ಯಾನು ನೋಡುತ್ತಿದ್ದರು.
ಬಚ್ಚಪ್ಪ ಹಿಂದಿನ ಬೆಂಚಿನಲ್ಲಿ ಟವಲು ಮಡಚುತ್ತಿದ್ದ.
ಆ ಮಾತು ಕೇಳಿದ್ದವರು ಇಬ್ಬರೇ.
ಮೂರನೆಯವನು ಇಲ್ಲಿ ಸಾಕ್ಷಿಗೆ ಬರುವುದಿಲ್ಲ.

'ಇಲ್ಲ' ಅಂದೆ.
ಟೈಪಿಸ್ಟು ಬಡಿದಳು, ಎರಡಕ್ಷರ.
ಅಂದ ಮೇಲೆ ಅದು ನಿಜವೂ ಆಯಿತು,
ಇಪ್ಪತ್ತೆರಡು ವರ್ಷ ನಾನು ಅಡಗಿಸಿಟ್ಟಿದ್ದ ಹಾಗೆ
ಎಲ್ಲಿಂದಲೋ ಎದ್ದು ಬಂದು
ಪೂರಾ ಬಾಕಿ, ನನ್ನ ಎದುರು ಕೂತಿತು.

ಮೆಟ್ಟಿಲಿಳಿವಾಗ ಬಚ್ಚಪ್ಪ ಎದುರಾದ.
ಮುಖ ತಿರುಗಿಸಿದ್ದರೆ ಆಗುತ್ತಿತ್ತು.
ಅಭ್ಯಾಸ ಬಿಡಲಿಲ್ಲ ಪಾಪ,
'ಬರ್ತೀನಕ್ಕಾ' ಅಂದುಬಿಟ್ಟ.

ರಾತ್ರಿ ಬಾಯ್ಲರು ಆರಿಸಿ ಬಂದು
ನನ್ನವರು ಮಂಚದ ತುದಿಗೆ ಕೂತರು.
'ಮಾಫ್ ಮಾಡು' ಅಂದರು.
ಯಾವುದಕ್ಕೆ ಎನ್ನಲಿಲ್ಲ.
ನಾನು ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಾ
ದೀಪದ ಕಡೆ ಹಿಡಿದು
ಗೆರೆ ಏನಾದರೂ ಉಳಿದಿದೆಯಾ ಎಂದು ನೋಡುತ್ತಿದ್ದೆ.